ಶಾಖ ಹಿಡಿಯುವವಳು

ಎರಡನೆಯ ಬಿದಿರೂ ಫಟ್ಟೆಂದು ಸೀಳಿತು. ಗ್ಯಾಸ್ ಒಲೆಯ ಮೇಲೆ ಕಾಯಿಸಿ, ಮಂಡಿಗೆ ಒತ್ತಿ ಅದನ್ನು ಬಾಗಿಸುತ್ತಿದ್ದ ಅಳಿಯ ಗೌರವ್ ತುಂಡುಗಳನ್ನು ಅಂಗಳಕ್ಕೆಸೆದು ಕೈ ಕೊಡವಿಕೊಂಡ.

"ಅತ್ತಿ, ಇನ್ನೊಂದೇ ಉಳಿದಿರೋದು. ಇದೂ ಹೋದ್ರೆ ಇಲ್ಲಿಯವರ ಚಟ್ಟದ ಮೇಲೇ ಮಲಗಿಸಿ ಒಯ್ಯಬೇಕಾಗ್ತತಿ."

"ಮಲಕ್ಕೊಂಡು ಹೋಗೋದು ನಮ್ಮಲ್ಲಿಲ್ಲ. ಅವರು ಕುಂತೇ ಹೋಗ್ಬೇಕು," ಎಂದರು ಇಂದಿರಮ್ಮ ಒಳಗಿನಿಂದ.

ಓಂಕಾರಪ್ಪನವರು ಪಡಸಾಲೆಯ ಗೋಡೆಗೊರಗಿ ಪದ್ಮಾಸನದಲ್ಲಿ ಕುಳಿತಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಹಿಂದಿನ ಸಂಜೆ ಉಸಿರು ನಿಂತ ಕೂಡಲೇ, ಮೈ ಸೆಟೆಯುವ ಮುಂಚೆ, ಇಂದಿರಮ್ಮನೇ ಹಟ ಹಿಡಿದು ಗಂಡನನ್ನು ಹಾಗೆ ಕೂರಿಸಿದ್ದರು. ದಾವಣಗೆರೆಯಲ್ಲಾಗಿದ್ದರೆ ವಿಮಾನ ಕಟ್ಟುವವರು ಕರೆಯದಿದ್ದರೂ ಬರುತ್ತಿದ್ದರು. ಕೂತವರ ತಲೆಯ ಮೇಲೆ ಬಿದಿರಿನ ಕಮಾನು ನಿಲ್ಲಿಸಿ, ಹೂವು ಕಟ್ಟಿ, ಹೆಗಲು ಕೊಡುತ್ತಿದ್ದರು. ಈ ತೆಲುಗು ಸೀಮೆಯ ಪೆಂಡುರ್ತಿಯಲ್ಲಿ ಸತ್ತವರನ್ನು ಕೂರಿಸುತ್ತಾರೆಂಬುದೇ ಎದುರುಮನೆಯ ಜಗದೀಶರಿಗೆ ಹೊಸ ಸುದ್ದಿ. ಪಾಪ, ಹೂಳಲು ಜಾಗವನ್ನೇನೋ ಅವರೇ ಓಡಾಡಿ ಗೊತ್ತು ಮಾಡಿದ್ದರು.

ಆದರೆ ಇಂದಿರಮ್ಮನ ಮನಸ್ಸು ಬಿದಿರಿನ ಮೇಲಿರಲಿಲ್ಲ. ವಿಜಯವಾಡದಿಂದ ಬರುತ್ತಿದ್ದ ಒಬ್ಬ ಹೆಂಗಸಿನ ಮೇಲಿತ್ತು. ಮಗಳು ಮೇಧಾ ಅಪ್ಪನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಅವರಲ್ಲಿ ಸಾಯಿಪ್ರಿಯಾ ಎಂಬವಳು ಅತ್ತು, ತಾನು ಬರುವ ತನಕ ಎತ್ತಬೇಡಿ ಎಂದಿದ್ದಳಂತೆ.

"ಎತ್ತಬ್ಯಾಡ ಅನ್ನಾಕೆ ಅವಳ್ಯಾರು?"

"ನಂಗೇನು ಗೊತ್ತಮ್ಮಾ? ಪಾಪಂ, ಬಹಳ ಅತ್ತಳು. ಸರೇ ಅಂದೆ," ಎಂದಳು ಮೇಧಾ.

ಯಾರೆಂದು ಇಂದಿರಮ್ಮ ಎಷ್ಟೋ ವರ್ಷದಿಂದ ಊಹಿಸಿಕೊಂಡಿದ್ದರು. ಊಹೆ ಹೌದೋ ಅಲ್ಲವೋ, ಗಂಡ ಮಣ್ಣಿಗೆ ಹೋಗುವ ಮುಂಚೆ ತಿಳಿಯಬೇಕು. ಆಮೇಲೆ ಜಗಳವಾಡುವುದಾದರೂ ಯಾರ ಹತ್ತಿರ?

*

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಓಂಕಾರಪ್ಪನವರಿಗೆ ಬಿಲ್ಲುಬಾಣದ ಬಿಲ್ಲು ಮಾಡುವ ಹುಚ್ಚು ಹತ್ತಿತು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ದಪ್ಪ ಹಲಗೆಯನ್ನು ಬಾಗಾಗಿ ಕೊಯ್ದು, ಉಜ್ಜಿ ಉಜ್ಜಿ ಅಚ್ಚು ಮಾಡುವರು. ಕಾಯಿಸಿದ ಬಿದಿರಿನ ಪಟ್ಟಿಯನ್ನು ಅದಕ್ಕೆ ಒತ್ತಿ ಕ್ಲಾಂಪ್ ಬಿಗಿದರೆ ತುದಿ ಮುಂದಕ್ಕೆ ಹೊರಳಿದ ಬಿಲ್ಲು. ಬೇಕಾದ್ದಕ್ಕಿಂತ ಹೆಚ್ಚು ಬಾಗಿಸಿಯೇ ಅಚ್ಚು ಕೊಯ್ಯಬೇಕು, ಬಿಟ್ಟ ಮೇಲೆ ಬಿದಿರು ಸ್ವಲ್ಪ ಹಿಂದಕ್ಕೆ ಹೋಗುತ್ತದೆ ಎಂದು ಊಟದ ಹೊತ್ತಿಗೆ ಹೇಳುವರು. ಇಂದಿರಮ್ಮ ಹೂಂಗುಟ್ಟಿ ಸಾರು ಬಡಿಸುವರು. ಈ ವಯಸ್ಸಿನಲ್ಲಿ ಇವರಿಗೆ ಯಾರ ಮೇಲೆ ಯುದ್ಧ ಎಂದು ಫೋನಿನಲ್ಲಿ ತಂಗಿಯೊಡನೆ ನಕ್ಕಿದ್ದೂ ಉಂಟು.

ಒಮ್ಮೆ ಬಿಸಿಗಾಳಿ ಊದುವ ಯಂತ್ರ ಹಿಡಿದು ಹೆಂಡತಿಯನ್ನು ಕರೆದಿದ್ದರು. "ಇಂದ್ರಾ, ಈ ಹೀಟ್ ಗನ್ ಒಂಚೂರು ಹಿಡಕೊ. ನಾನು ಬಗ್ಗಿಸ್ತೀನಿ. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು."

"ಎಷ್ಟೊತ್ತು ಹಿಡೀಬೇಕು?"

"ವಾಸನೆ ಬದಲಾಗ್ತತಿ. ಆಗ ಸಾಕು ಅನ್ನು."

ಒಲೆಯ ಮೇಲೆ ಸಾರಿಟ್ಟು ಬಂದಿದ್ದ ಇಂದಿರಮ್ಮ ಯಾವ ವಾಸನೆಗೂ ಕಾಯದೆ ಸಾಕು ಅಂದುಬಿಟ್ಟರು. ಪಟ್ಟಿ ಲಟಕ್ಕನೆ ಮುರಿಯಿತು. "ನಿಮ್ಮ ಕಟಗಿ ವಾಸನೆ ನೋಡ್ತಾ ಕುಂದ್ರಾಕೆ ನಂಗೆ ಬ್ಯಾರೆ ಕೆಲಸ ಇಲ್ಲೇನು?" ಎಂದು ಎದ್ದುಬಂದರು. ಓಂಕಾರಪ್ಪ ತುಂಡುಗಳನ್ನು ಹೆಕ್ಕಿಕೊಂಡರು. ಮತ್ತೆಂದೂ ಕರೆಯಲಿಲ್ಲ.

ಆಮೇಲೆ ಶುರುವಾದದ್ದು ವಿಜಯವಾಡದ ಓಡಾಟ. ಅಲ್ಲಿನ ಒನ್ ಟೌನ್ ಪೇಟೆಯಲ್ಲಿ ಒಳ್ಳೆಯ ಬಿದಿರು ಸಿಗುತ್ತದಂತೆ. ತಿಂಗಳಿಗೊಮ್ಮೆ ಹೋಗಿ, ಉಳಿದುಕೊಂಡು ಬರುವರು. ಚೀಲದಲ್ಲಿ ಪಟ್ಟಿಗಳ ಜೊತೆಗೆ ಮನೆಯದಲ್ಲದ ಸ್ಟೀಲ್ ಡಬ್ಬಿ, ಒಳಗೆ ಪುಂಡಿ ಸೊಪ್ಪಿನ ಗೋಂಗುರ ಪಚ್ಚಡಿ. "ಅಂಗಡಿಯೋರು ಕೊಟ್ರು" ಎನ್ನುವರು. ಬಿದಿರು ಮಾರುವವರು ಯಾವ ಊರಿನಲ್ಲಿ ಪಚ್ಚಡಿ ಕಟ್ಟಿ ಕೊಡುತ್ತಾರೆ? ಶೆಡ್ಡಿನಲ್ಲಿ ಫೋನ್ ಹಿಡಿದು ನಗುತ್ತಿದ್ದ ಮನುಷ್ಯ ಮನೆಯೊಳಗೆ ಕಾಲಿಟ್ಟರೆ ಮೌನ. ಇಂದಿರಮ್ಮ ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟಾರೆಂಬ ಹೆದರಿಕೆ. ಪಚ್ಚಡಿ ಮಾತ್ರ ಡಬ್ಬಿಯ ಸಮೇತ ಕಸಕ್ಕೆ ಹೋಗುತ್ತಿತ್ತು.

*

ಆಟೋದಿಂದ ಇಳಿದವಳಿಗೆ ನಲವತ್ತರ ಆಸುಪಾಸು. ಓಂಕಾರಪ್ಪನವರ ಎದುರು ಕುಸಿದು ಕುಳಿತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಇಂದಿರಮ್ಮ ಅವಳ ಕೊರಳು ನೋಡಿದರು, ಕಾಲ್ಬೆರಳು ನೋಡಿದರು. ತಾಳಿಯೂ ಇತ್ತು, ಕಾಲುಂಗುರವೂ ಇತ್ತು. ಕಟ್ಟಿದವನು ಯಾರು ಎಂಬುದು ಅದರಿಂದ ತಿಳಿಯುವಂತಿರಲಿಲ್ಲ.

"ಹೆಂಗಾತ್ರಿ ಅಮ್ಮಗಾರು?" ಎಂದಳು ಸಾಯಿಪ್ರಿಯಾ.

ಹೆತ್ತ ಮಗಳ ಬಾಯಲ್ಲೇ ಉಳಿಯದ ದಾವಣಗೆರೆ ಮಾತು ಈ ತೆಲುಗಿನವಳ ಬಾಯಲ್ಲಿ.

"ಕನ್ನಡ ಯಾರು ಕಲಿಸಿದ್ರು?"

"ಸಾರ್ ಗಾರೇ."

ಅಷ್ಟರಲ್ಲಿ ಅಂಗಳದಲ್ಲಿದ್ದ ಸೀಳು ಬಿದಿರು ಅವಳ ಕಣ್ಣಿಗೆ ಬಿತ್ತು. ಕಮಾನು ನಿಲ್ಲುತ್ತಿಲ್ಲವೆಂದು ಗೌರವ್ ಹೇಳಿದ. "ಸಾರ್ ಅಚ್ಚು ಐತಲ್ಲ. ಅದಕ್ಕೆ ಒಂದೊಂದೇ ಕಡೆ ಬಗ್ಗಿಸಿದ್ರೆ ಆತು," ಎಂದು ಎದ್ದವಳೇ ದೇವರ ಮನೆಯ ಬಾಗಿಲ ಹಿಂದಿನ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು, ನುಗ್ಗೆ ಗಿಡ ಬಳಸಿ, ನೆಟ್ಟಗೆ ಶೆಡ್ಡಿಗೆ ಹೋದಳು. ಯಾರನ್ನೂ ಏನೂ ಕೇಳಲಿಲ್ಲ.

ಇಂದಿರಮ್ಮ ಹಿಂದೆಯೇ ಹೋಗಿ ಶೆಡ್ಡಿನ ಬಾಗಿಲು ಮುಂದೆ ಮಾಡಿದರು.

"ಈ ಮನಿಗೆ ಎಷ್ಟು ಸಲ ಬಂದೀ?"

"ಇದೇ ಮೊದಲು ಅಮ್ಮಗಾರು."

"ಸುಳ್ಳು ಹೇಳಬ್ಯಾಡ. ಬೀಗದ ಕೈ ಎಲ್ಲೈತಿ ಅಂತ ಹೆಂಗೆ ಗೊತ್ತಾತು? ನೀನು ಅವರಿಗೆ ಏನಾಗ್ಬೇಕು?"

ಯಾವ ಅರ್ಥದಲ್ಲಿ ಕೇಳುತ್ತಿದ್ದಾರೆಂದು ಸಾಯಿಪ್ರಿಯಾಗೆ ಹೊಳೆಯಲೇ ಇಲ್ಲ.

"ನಮ್ಮದು ಬಿದಿರು ಏಣಿ ಅಂಗಡಿ. ನಮ್ಮನೆಯೋರು ಪಟ್ಟಿ ಸೀಳ್ತಾರೆ. ಸಾರ್ ಶಾಖ ಹಿಡಿಯೋರು, ನಾನು ಬಗ್ಗಿಸ್ತಿದ್ದೆ. ಅವರ ಮಾತೆಲ್ಲ ನಿಮ್ಮದೇ. ನಿಮ್ಮ ನುಗ್ಗೆ ಗಿಡ, ಬೀಗದ ಕೈ ಹಾಕೋ ಮೊಳೆ, ಎಲ್ಲ ಕೇಳಿ ಕೇಳಿ ನಂಗೆ ಬಾಯಿಪಾಠ. ಪಟ್ಟಿ ಮುರಿದ್ರೆ ಸಾಕು, ಅನ್ನೋರು: ನಂಗೆ ವಾಸನೆ ತಿಳಿಯಾಂಗಿಲ್ಲ, ಮನ್ಯಾಗೆ ಇಂದ್ರಾ ಶಾಖ ಹಿಡೀತಾಳೆ, ಅವಳು ಸಾಕು ಅಂದ ಮ್ಯಾಲೆ ಒಂದೂ ಮುರಿಯಾಂಗಿಲ್ಲ ಅಂತ."

ಇಂದಿರಮ್ಮ ನಿಂತಲ್ಲೇ ನಿಂತರು. ಇವಳು ಸುಳ್ಳು ಹೇಳುತ್ತಿರಲಾರಳು. ಸುಳ್ಳೆಂದು ಚೆನ್ನಾಗಿ ಗೊತ್ತಿರುವ ಹೆಂಗಸಿನ ಮುಂದೆಯೇ ಇಂಥ ಸುಳ್ಳನ್ನು ಯಾರು ಹೇಳುತ್ತಾರೆ? ಸುಳ್ಳು ಹೇಳಿದವರು ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದರು. ವಿಜಯವಾಡದಲ್ಲಿ ಅವರಿಗೊಬ್ಬಳು ಹೆಂಡತಿ ಇದ್ದದ್ದು ನಿಜ. ಅವರು ಮಾತಿನಲ್ಲೇ ಕಟ್ಟಿಕೊಂಡ ಅವಳ ಹೆಸರೂ ಇಂದ್ರಾ. ಅವಳು ಕರೆದಾಗ ಬರುತ್ತಿದ್ದಳು, ಪಕ್ಕದಲ್ಲಿ ನಿಲ್ಲುತ್ತಿದ್ದಳು. ಇಂದಿರಮ್ಮನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಇಂದ್ರಾಳ ಮೇಲೆ ಹೊಟ್ಟೆಕಿಚ್ಚಾಯಿತು.

ಗೌರವ್ ಉಳಿದ ಬಿದಿರನ್ನು ತಂದುಕೊಟ್ಟು ಹೋದ. ಮೇಧಾ ಬಾಗಿಲಲ್ಲಿ ನಿಂತಳು. ಸಾಯಿಪ್ರಿಯಾ ಅಚ್ಚನ್ನು ಮೇಜಿಗೆ ಬಿಗಿದು, ಹೀಟ್ ಗನ್ನನ್ನು ಇಂದಿರಮ್ಮನ ಕೈಗಿಟ್ಟಳು. "ನೀವು ಹಿಡೀರಿ ಅಮ್ಮಗಾರು. ಬಿದಿರು ಇರೋದು ಒಂದೇ."

ನಂಗೆ ಬರಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು. ಇಂದಿರಮ್ಮ ಅದನ್ನು ನುಂಗಿಕೊಂಡರು.

ಬಿದಿರಿನಿಂದ ಮೊದಲು ಧೂಳಿನ ವಾಸನೆ ಬಂತು, ಆಮೇಲೆ ಒಣಹುಲ್ಲಿನದು. ಸಾಯಿಪ್ರಿಯಾ ಮುಖ ನೋಡಿದಳು. ಇಂದಿರಮ್ಮ ಇನ್ನೂ ಇಲ್ಲವೆಂದು ತಲೆಯಾಡಿಸಿದರು. ಹೊತ್ತಾಯಿತೆಂದು ಹೊರಗೆ ಜಗದೀಶರ ದನಿ ಕೇಳಿತು. ಕೈ ಸೋಲುತ್ತಿತ್ತು. ಬಿದಿರಿನ ಮೈ ನಿಧಾನಕ್ಕೆ ಬೆವರಿತು. ಅನಕಾಪಲ್ಲಿಯ ಬೆಲ್ಲದ ಮಂಡಿಯ ಮುಂದೆ ಬಸ್ಸು ನಿಂತಾಗ ಬರುವಂಥ ಸಣ್ಣ ಸಿಹಿ ವಾಸನೆ ಮೂಗಿಗೆ ತಾಗಿತು.

"ಸಾಕು," ಎಂದರು.

ಬಿದಿರು ಚಿಟಿಕೆಯಷ್ಟೂ ಸದ್ದು ಮಾಡದೆ ಅಚ್ಚಿಗೆ ಬಾಗಿತು. ಇನ್ನೊಂದು ತುದಿಯನ್ನೂ ಹಾಗೆಯೇ ಕಾಯಿಸಿದರು, ಅದೂ ಬಾಗಿತು.

"ಅಮ್ಮಾ, ನಿಂಗೆ ಇದು ಬರ್ತದಾ?" ಎಂದಳು ಮೇಧಾ ಬೆರಗಾಗಿ.

"ನಿಮ್ಮಪ್ಪ ಕಲಿಸಿದ್ರು."

ಆರುವ ತನಕ ಬಿಡಬಾರದೆಂದು ಸಾಯಿಪ್ರಿಯಾ ಕ್ಲಾಂಪ್ ಹುಡುಕುವಷ್ಟರಲ್ಲಿ ಇಂದಿರಮ್ಮ ಬಿದಿರನ್ನು ಎರಡೂ ಕೈಯಿಂದ ಅವಚಿ ಹಿಡಿದಿದ್ದರು. ಹಾಗೇ ನಿಂತರು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ.

ಗೌರವ್ ಇಣುಕಿದ. "ಅತ್ತಿ, ಗಾಡಿ ಬಂತು. ಹೂವು ಕಟ್ಟಬೇಕು, ಕೊಡ್ರಿ."

ಸಾಯಿಪ್ರಿಯಾ ಬಿದಿರನ್ನು ಮುಟ್ಟಿ ನೋಡಿದಳು. ಅದು ಆಗಲೇ ತಣ್ಣಗಾಗಿತ್ತು.

"ತಡೀರಿ," ಎಂದರು ಇಂದಿರಮ್ಮ, ಹಿಡಿ ಸಡಿಲಿಸದೆ. "ಇನ್ನೂ ಬಿಸಿ ಐತಿ."