ಸೆರಗಿನ ಹಿಂದಿನ ಸೊಲ್ಲು

ಹಾಡು ಮುಗಿದ ಮೇಲೂ ಚಾಮುಂಡಮ್ಮನ ತುಟಿಗಳು ಅಲುಗುತ್ತಿದ್ದವು. ಕಂಪಲಾಪುರದ ಸುತ್ತಿನ ಮದುವೆಗಳಲ್ಲಿ ಇಪ್ಪತ್ತು ವರ್ಷ ಆಕೆಯ ಹಿಂದೆ ಕುಳಿತು ಸೋಬಾನೆಗೆ ದನಿಗೂಡಿಸಿದ ನಾನು ಇದನ್ನು ಅದೆಷ್ಟು ಸಲ ಕಂಡಿದ್ದೇನೋ. ಉಳಿದವರು ಎಲೆಯಡಿಕೆಗೆ ಕೈಚಾಚುವ ಹೊತ್ತಿಗೆ ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಯಾರಿಗೂ ಕೇಳದ ಏನನ್ನೋ ಹೇಳಿಕೊಳ್ಳುತ್ತಿದ್ದಳು.

“ಏನಕ್ಕ ಅದು?” ಎಂದರೆ, “ಎಲೆಅಡ್ಕೆ ಕಣವ್ವ” ಎನ್ನುವಳು. ಆಕೆ ಎಲೆಯಡಿಕೆ ಹಾಕಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ನೆಲ ಅಳೆಯುವವಳಂತೆ ನಿಧಾನವಾಗಿ ನಡೆಯುವಳು. ಸುಡುವ ಬೇಸಿಗೆಯಲ್ಲೂ ರೇಷ್ಮೆ ಸೀರೆಯ ಮೇಲೊಂದು ಕಂದು ಸ್ವೆಟರ್. ಯಾರಾದರೂ ನಕ್ಕರೆ, “ಗಂಟ್ಲು ನಂದಲ್ಲ, ಮದ್ವೆ ಮನೆಯವರ್ದು” ಎಂದು ಗುಂಡಿ ಹಾಕಿಕೊಳ್ಳುವಳು.

ಸೋಬಾನೆಯಲ್ಲಿ ಮುಂದಿನವಳು ಒಂದು ಸೊಲ್ಲು ಹಾಡುತ್ತಾಳೆ, ಹಿಂದಿನವರು ಅದನ್ನೇ ಎತ್ತಿಕೊಳ್ಳಬೇಕು. ಎತ್ತಿಕೊಳ್ಳದಿದ್ದರೆ ಹಾಡು ಅಲ್ಲೇ ಮುರಿಯುತ್ತದೆ. ಧಾರೆಯ ಹೊತ್ತಿನಲ್ಲಿ ಹಾಡು ಮುರಿದರೆ ಮದುಮಗಳ ತಾಳಿಗೆ ಕೇಡು ಎಂದು ನಮ್ಮವರು ನಂಬಿದ್ದಾರೆ. ನಾನೂ ನಂಬಿದವಳೇ. ಚಾಮುಂಡಮ್ಮನ ಅತ್ತೆ ಕೊನೆಯ ದಿನಗಳಲ್ಲಿ ಸೊಸೆಯ ಕೈಹಿಡಿದು, “ನಾನ್ ಕೊಟ್ಟಂಗೇ ಹಾಡು. ನಿನ್ ಮಾತ ಕಟ್ಟಿ ಸೇರಿಸ್ಬೇಡ” ಎಂದು ಭಾಷೆ ತೆಗೆದುಕೊಂಡಿದ್ದಳಂತೆ. ಅಂದಿನಿಂದ ಒಳಗೆ ಹುಟ್ಟಿದ ಸೊಲ್ಲುಗಳೆಲ್ಲ ಸೆರಗಿನ ಹಿಂದೆಯೇ ಉಳಿದುಹೋದವು.

ಹೋದ ವರ್ಷ ವೈಶಾಖದಲ್ಲಿ ಆಕೆಯ ಪಕ್ಕದ ಮನೆಯ ಮಾನಸಳ ಮದುವೆ. ಮಾನಸ ಹುಣಸೂರು–ಪಿರಿಯಾಪಟ್ಟಣ ಬಸ್ಸಿನ ಕಂಡಕ್ಟರ್. ಧಾರೆಗೆ ಕೂತಾಗ ಗಂಡಿನ ದೊಡ್ಡಪ್ಪ, ಹನಗೋಡಿನ ದೇವಯ್ಯ, ಚಪ್ಪರಕ್ಕೆಲ್ಲ ಕೇಳುವಂತೆ ಕೂಗಿದ: “ಇನ್ಮೇಲೆ ಹೆಣ್ಣು ಸೀಟಿ ಊದುದ್ರೇನೆ ಗಂಡು ಮನೆಯಿಂದ ಈಚ್ಗೆ ಬರದು ಕಣ್ರಲಾ! ರೈಟ್, ರೈಟ್!”

ಚಪ್ಪರ ನಕ್ಕಿತು. ಬಾಸಿಂಗದ ಕೆಳಗೆ ಮಾನಸಳ ಮುಖ ಇನ್ನಷ್ಟು ತಗ್ಗಿತು.

ನಮ್ಮ ಹಾಡು ಆಗಷ್ಟೇ ಮದುಮಗಳನ್ನು ಹೊಗಳುವ ಕಡೆಗೆ ಬಂದಿತ್ತು: ಅಕ್ಕಿ ತೊಳೆಯುವ ಕೈ, ರಂಗೋಲಿ ಬಿಡುವ ಬೆರಳು. ಎಂದೂ ಹಾಡು ಮುಗಿದ ಮೇಲೆ ಮೇಲೇಳುವ ಸೆರಗು ಅಂದು ನಡುವೆಯೇ ತುಟಿಯವರೆಗೆ ಬಂದು, ಅಲ್ಲಿ ತಡೆದು, ಮತ್ತೆ ಕೆಳಗಿಳಿಯಿತು. ಚಾಮುಂಡಮ್ಮ ಹಾಡಿದಳು:

ಹೊತ್ತಾರೆ ಹೊರಟೋಳೆ, ದೂರದ ಹಾದ್ಯೋಳೆ,
ನಿಂತ ಮಂದೀಗೆ ನೆರವಾದೆ — ನಿನ ಸೀಟಿ
ಕೇಳಿ ಬರಲವ್ವ ಸಿರಿದೇವಿ

ಯಾರೂ ಎತ್ತಿಕೊಳ್ಳಲಿಲ್ಲ. ಪುರೋಹಿತರು ಧಾರೆಯ ಗಿಂಡಿಯನ್ನು ಬಗ್ಗಿಸದೆ ಹಿಡಿದೇ ಇದ್ದರು.

“ಯಾಕ್ರವ್ವ, ಬಸ್ಸು ಕೆಟ್ಟೋಯ್ತಾ?” ಎಂದ ದೇವಯ್ಯ.

ಆಕೆ ತಿರುಗಿ ನಮ್ಮ ಮುಖ ನೋಡಲಿಲ್ಲ. ಅದೇ ಸೊಲ್ಲನ್ನು ಒಬ್ಬಳೇ ಮತ್ತೆ ಹಾಡಿದಳು. ಕೊನೆಯಲ್ಲಿ ದನಿ ಒಡೆಯಿತು. ನಾನು ಕಣ್ಣು ಮುಚ್ಚಿ ದೇವಿ ತಾಯಿಯನ್ನು ನೆನೆದೆ, ನನ್ನ ಗಂಟಲು ಮಾಡಬೇಕಾದ ಕೆಲಸವನ್ನು ಅವಳಿಗೆ ಒಪ್ಪಿಸಿದೆ. ಆಗ ಹಿಂದಿನಿಂದ ಒಂದು ದನಿ ಎದ್ದಿತು. ಅದು ನನ್ನದೆಂದು ಬರೆಯುವ ಆಸೆ ನನಗಿದೆ. ಆದರೆ ಅದು ಪ್ರೇಮಮ್ಮನದು; ಅವಳು ಚಾಮುಂಡಮ್ಮನ ನಾದಿನಿ, ಭಾಷೆ ತೆಗೆದುಕೊಂಡ ಆ ಅತ್ತೆಯ ಸ್ವಂತ ಮಗಳು. “ಹೊತ್ತಾರೆ ಹೊರಟೋಳೆ...” ಇನ್ನೊಬ್ಬಳು ಸೇರಿದಳು, ಮೂರನೆಯವಳಾಗಿ ನಾನು. ಮಾನಸ ತಲೆಯೆತ್ತಿದಳು. ಧಾರೆಯ ನೀರು ಬಿತ್ತು.

ಆಮೇಲೆ ಬಿಸಿನೀರಿನ ಲೋಟ ಕೊಡುತ್ತಾ ಕೇಳಿದೆ, “ಹೆದರಿಕೆ ಆಗ್ಲಿಲ್ವಾ ಅಕ್ಕ?”

“ಆಗ್ದೆ ಇದ್ದಾತಾ? ಕಾಲು ಗಡಗಡ ಅಂತಿತ್ತು. ಕುಂತಿದ್ನಲ್ಲ, ಯಾರ್ಗೂ ಕಾಣ್ನಿಲ್ಲ ಬುಡು.”

ತುಟಿ ಅಲುಗುವುದು ಅಂದಿಗೆ ನಿಂತಿತು. ಅದರ ಜಾಗಕ್ಕೆ ಬೇರೊಂದು ಅಭ್ಯಾಸ ಬಂತು. ಪ್ರತಿ ಸೋಮವಾರ ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಸ್ವೆಟರ್ ತೊಟ್ಟು, ಬಸ್ ನಿಲ್ದಾಣದಲ್ಲಿ ಬಂದು ನಿಲ್ಲುತ್ತಾಳೆ, ಬಸ್ಸು ಹತ್ತುವುದಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತ ಮಾನಸಳ ಕೊರಳಲ್ಲಿ ತಾಳಿ ಇದೆಯೇ ಎಂದು ನೋಡುತ್ತಾಳೆ, ಸೀಟಿ ಕೇಳಿಸಿಕೊಳ್ಳುತ್ತಾಳೆ, ಮನೆಗೆ ಮರಳುತ್ತಾಳೆ.

ಹೊಸದನ್ನು ಹಾಡುವವರಿಗೆ ಹೆದರಿಕೆಯೇ ಇರುವುದಿಲ್ಲವೆಂದು ನಾನು ತಿಳಿದಿದ್ದೆ. ಚಾಮುಂಡಮ್ಮನಂಥವರು ಹೆದರಿಕೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಹಾಡುತ್ತಾರೆ. ಹಾಡಿದ ಮೇಲೆ, ಆ ಹಾಡು ಯಾರ ಬಾಳಿನ ಮೇಲೆ ಬಿತ್ತೋ ಅವರ ದಾರಿಯನ್ನು ವಾರ ವಾರವೂ ಕಾಯುತ್ತಾರೆ.