ಮೇಷ್ಟ್ರು ಹೊಳೆ ದಾಟಿದ್ದು

ಸಕಲೇಶಪುರದಲ್ಲಿ ಮೂರು ಡ್ರೈವಿಂಗ್ ಸ್ಕೂಲ್‌ಗಳಿವೆ ಎಂದು ಜನ ಹೇಳುತ್ತಾರೆ. ನನ್ನನ್ನು ಕೇಳಿದರೆ ಇರುವುದು ಒಂದೇ, ಅದು ನನ್ನದು. ಉಳಿದ ಎರಡು ಕಡೆ ಕಲಿಸುವವರು ಮೊಬೈಲ್ ನೋಡುತ್ತಾ ಕೂತಿರುತ್ತಾರೆ, ಕಲಿಯುವವರು ದೇವರ ಮೇಲೆ ಭಾರ ಹಾಕಿ ಸ್ಟೇರಿಂಗ್ ತಿರುಗಿಸುತ್ತಾರೆ. ನಾನು ಹಾಗಲ್ಲ, ಬೈಯುತ್ತೇನೆ. ಇಪ್ಪತ್ತಾರು ವರ್ಷದಿಂದ ಬೈದೂ ಬೈದೂ ತಾಲ್ಲೂಕಿನ ಅರ್ಧ ಜನಕ್ಕೆ ಲೈಸೆನ್ಸ್ ಕೊಡಿಸಿದ್ದೇನೆ. ಬೈಸಿಕೊಂಡವರೇ ತಮ್ಮ ಮಕ್ಕಳನ್ನು ಮತ್ತೆ ನನ್ನ ಹತ್ತಿರ ಕಳಿಸುತ್ತಾರೆ.

ನನ್ನ ಸ್ಕೂಲಿಗೆ ಹೆಸರು ಬಂದದ್ದು ಸೇತುವೆಯಿಂದ. ಬೇರೆಯವರು ಹದಿನೈದು ದಿನ ಕಳೆದರೂ ಕಲಿಯುವವರನ್ನು ಹೇಮಾವತಿ ಸೇತುವೆ ಹತ್ತಿಸುವುದಿಲ್ಲ. ನಾನು ಮೂರನೇ ದಿನಕ್ಕೇ ಹತ್ತಿಸುತ್ತೇನೆ. "ಯಾಕೂಬ್ ಮೇಷ್ಟ್ರಿಗೆ ಎಂಥಾ ಗುಂಡಿಗೆ ಮಾರಾಯ, ಮೂರ್ನೇ ದಿನಕ್ಕೇ ಹೊಳೆ ದಾಟಿಸ್ಬುಡ್ತಾರೆ" ಅನ್ನುವ ಮಾತು ಹೆತ್ತೂರಿನ ತನಕ ಹೋಗಿದೆ.

ಈಗ ನಿಜ ಹೇಳುತ್ತೇನೆ. ಸೇತುವೆಯ ಮೇಲೆ ಕಾರು ಓಡಿಸಲು ನನಗೆ ಹೆದರಿಕೆ. ಹನ್ನೊಂದು ವರ್ಷದಿಂದ ಒಂದೇ ಒಂದು ಸಲವೂ ನಾನು ಸ್ಟೇರಿಂಗ್ ಹಿಡಿದು ಆ ಹೊಳೆ ದಾಟಿಲ್ಲ. ನಾನು ಖಾಯಂ ಪೆಟ್ರೋಲ್ ಹಾಕಿಸುವ ಬಂಕ್ ಆ ಕಡೆ ಇದೆ. ಅದಕ್ಕೇ ಕಲಿಯುವವರ ಕೈಗೆ ಕಾರು ಕೊಟ್ಟು ದಾಟುತ್ತೇನೆ. ಹದಿನೈದು ದಿನ ಕಾದರೆ ಟ್ಯಾಂಕ್ ಬತ್ತಿಹೋಗುತ್ತದೆ, ಆದ್ದರಿಂದ ಮೂರನೇ ದಿನ. ನನ್ನ ಗುಂಡಿಗೆಯ ಕಥೆ ಇಷ್ಟೇ.

ಶುರುವಾದದ್ದು ಒಂದು ಮಳೆಗಾಲದಲ್ಲಿ. ಸೇತುವೆಯ ನಡುವೆ ಟ್ರಾಫಿಕ್ ಕಟ್ಟಿತ್ತು. ಮುಂದೆ ಮರದ ಲಾರಿ, ಪಕ್ಕದಲ್ಲಿ ಬಸ್ಸು, ಕೆಳಗೆ ಕೆಂಪಗೆ ತುಂಬಿ ಹರಿಯುವ ಹೊಳೆ. ಲಾರಿ ಹೊರಟಾಗ ಸೇತುವೆ ಅಲುಗಿತು. ಸೇತುವೆ ಎಂದರೆ ಸ್ವಲ್ಪ ಅಲುಗಲೇಬೇಕು ಎಂದು ಆಮೇಲೆ ಒಬ್ಬ ಎಂಜಿನಿಯರ್ ಹೇಳಿದರು. ನನ್ನ ಕೈಗೆ ಅದು ಅರ್ಥವಾಗಲಿಲ್ಲ. ಅಂದಿನಿಂದ ಸೇತುವೆ ಕಂಡರೆ ಅಂಗೈ ಬೆವರುತ್ತದೆ, ಕಾಲು ಮರಗಟ್ಟುತ್ತದೆ. ಎಡಗಡೆ ಸೀಟಿನಲ್ಲಿ ಮೇಷ್ಟ್ರಿಗೆಂದೇ ಇರುವ ಬ್ರೇಕಿನ ಮೇಲೆ ಕಾಲಿಟ್ಟು ಕೂತರೆ ನಾನು ಹುಲಿ. ಬಲಗಡೆ ಕೂತರೆ ಮುಗಿಯಿತು. ಇದು ಗೊತ್ತಿದ್ದದ್ದು ನನ್ನ ಹೆಂಡತಿ ಬೀಬಿಜಾನ್‌ಗೆ ಮಾತ್ರ.

ಎರಡು ವರ್ಷದ ಹಿಂದೆ ಮಗಳು ಶೈಸ್ತಾಳನ್ನು ಬಾಳ್ಳುಪೇಟೆಯ ಆಕಿಫ್‌ಗೆ ಮದುವೆ ಮಾಡಿಕೊಟ್ಟೆ. ಒಳ್ಳೆಯ ಹುಡುಗ, ಮಾತು ಕಡಿಮೆ, ಕಾರು ಮೆಕ್ಯಾನಿಕ್. ಆದರೆ ಬಾಳ್ಳುಪೇಟೆ ಇರುವುದು ಹೊಳೆಯ ಆ ಕಡೆ. ಹಬ್ಬದ ದಿನ ಕಾರು ಕಲಿಯಲು ಯಾರೂ ಬರುವುದಿಲ್ಲವಲ್ಲ, ನಾನೂ ಬೀಬಿಜಾನೂ ಬಸ್ಸಿನಲ್ಲಿ ಹೋದೆವು. "ಕಾರೆಲ್ಲಿ ಮಾಮು?" ಎಂದ ಅಳಿಯ. "ಸರ್ವೀಸ್‌ಗೆ ಬಿಟ್ಟಿದ್ದೀನಪ್ಪ" ಎಂದೆ. ಬಾಯಿಗೆ ಬಂದದ್ದು ಅದು. ಮುಂದಿನ ಸಲವೂ ಅದೇ ಬಂತು. ಹೀಗೆ ಎರಡು ವರ್ಷದಲ್ಲಿ ಹದಿನಾಲ್ಕು ಸಲ ನನ್ನ ಕಾರು ಸರ್ವೀಸ್‌ಗೆ ಹೋಯಿತು.

ಸ್ವಂತ ಅಳಿಯ ಮೆಕ್ಯಾನಿಕ್ ಆಗಿರುವಾಗ ಕಾರನ್ನು ಬೇರೆಯವರ ಹತ್ತಿರ ಬಿಡುವ ಮಾವ ಎಂಥವನು? ಇದು ನನ್ನ ದಪ್ಪ ತಲೆಗೆ ಹೊಳೆಯಲೇ ಇಲ್ಲ. ಒಂದು ಸಲ ಆಕಿಫ್ ತಾನೇ ಬಂದು ಕಾರು ಒಯ್ಯುತ್ತೇನೆ ಎಂದು ಫೋನ್ ಮಾಡಿದ. ಕಾರು ಅವನ ಕೈಗೆ ಸಿಕ್ಕರೆ ಸರ್ವೀಸಿನ ಸುಳ್ಳು ಹೊರಬೀಳುತ್ತಿತ್ತು. ಈಗಷ್ಟೇ ಸರ್ವೀಸ್‌ಗೆ ಬಿಟ್ಟೆ ಎಂದು ಹೇಳಿ, ಕಾರನ್ನು ಗೆಳೆಯ ತೋಟಪ್ಪನ ಕಾಫಿ ಸ್ಟೋರಿನ ಹಿಂದೆ ಬಚ್ಚಿಟ್ಟೆ. ಆದರೂ ಅವನು ಬಂದ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಕೇಳಿದ. "ಮಾಮು, ನನ್ನ ಕೆಲ್ಸ ನಿಮ್ಗೆ ಹಿಡಿಸ್ಲಿಲ್ವಾ?" ನಾನು "ಛೆ ಛೆ" ಅಂದು ಇನ್ನೊಂದು ತುಂಡು ಕೋಳಿ ಹಾಕಿಸಿಕೊಂಡೆ. ಅವತ್ತು ನನಗೆ ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ. ಹೊಳೆ ದಾಟಿಸುವ ಮೇಷ್ಟ್ರಿಗೆ ಹೊಳೆ ಕಂಡರೆ ಭಯ ಎಂದು ಅಳಿಯನ ಮುಂದೆ ಹೇಗೆ ಹೇಳಲಿ?

ಕಳೆದ ತಿಂಗಳು ಶೈಸ್ತಾ ಫೋನ್ ಮಾಡಿದಳು. ನಮ್ಮ ಮನೆಮಾತು ಉರ್ದು, ಆದರೆ ಜಗಳಕ್ಕೆ ಅವಳಿಗೆ ಕನ್ನಡವೇ ಬೇಕು.

"ಅಬ್ಬಾ, ಶುಕ್ರವಾರ ಇವ್ರು ಹೊಸ ಶೆಡ್ ಶುರು ಮಾಡ್ತಾವ್ರೆ. ಬೋಣಿ ಗಾಡಿ ಮಾಮೂದೇ ಆಗ್ಬೇಕು ಅಂತ ಕೂತವ್ರೆ."

"ಶುಕ್ರವಾರ ಗಾಡಿ ಸರ್ವೀಸ್..."

"ಸಾಕು ಮಾಡಿ! ಇಲ್ಲಿ ಜನ ಏನಂತಾರೆ ಗೊತ್ತಾ? ಸ್ವಂತ ಮಾವನೇ ಗಾಡಿ ಕೊಡಲ್ಲ, ನಾವ್ಯಾಕೆ ಕೊಡಾನ ಅಂತಾರೆ. ಇವ್ರು ಕೇಳಿಸ್ಕೊಂಡೂ ಸುಮ್ಕಿರ್ತಾರೆ. ನಂಗೆ ಹೊಟ್ಟೆ ಉರೀತೈತೆ. ಕಾರು ತಂದ್ರೆ ಬನ್ನಿ. ಬಸ್ಸಲ್ಲಿ ಬರೋದಾದ್ರೆ ಬರ್ಲೇಬೇಡಿ."

ಫೋನ್ ಇಟ್ಟಳು. ಬೀಬಿಜಾನ್ ಎಲ್ಲ ಕೇಳಿಸಿಕೊಂಡಿದ್ದಳು. "ಹೆದ್ರಿಕೆ ಅಂತ ಒಂದು ಮಾತು ಹೇಳೋಕೆ ಎರಡು ವರ್ಷ ಸಾಲ್ಲಿಲ್ವಾ ನಿಮ್ಗೆ?" ಎಂದಷ್ಟೇ ಅಂದು, ಅಡಿಗೆಗೆ ಕೈಜೋಡಿಸಲು ಬುಧವಾರವೇ ಬಸ್ ಹತ್ತಿ ಮಗಳ ಮನೆಗೆ ಹೋದಳು.

ನಾನು ನನ್ನ ಹಳೆಯ ಉಪಾಯಕ್ಕೇ ಕೈಹಾಕಿದೆ. ಆಗ ನನ್ನ ಹತ್ತಿರ ಕಲಿಯುತ್ತಿದ್ದವರಲ್ಲಿ ನೇತ್ರಾವತಿಯೇ ಗಟ್ಟಿ. ಐವತ್ತರ ಹತ್ತಿರದ ಹೆಂಗಸು, ಹೆತ್ತೂರು ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ದಿನಾ ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ತೋಟಕ್ಕೆ ಎಂದು ಹಂಚುವ ಕೆಲಸ. "ಶುಕ್ರವಾರ ಹೈವೇ ಪಾಠ, ಬಾಳ್ಳುಪೇಟೆವರೆಗೆ. ರಜಾ ಹಾಕಿ ಬನ್ನಿ" ಎಂದೆ. ಅವರು ಸೇತುವೆ ದಾಟಿಸಬೇಕು, ದಾಟಿದ ಮೇಲೆ ನಾನು ಬಲಗಡೆ ಕೂತು ಗತ್ತಿನಿಂದ ಶೆಡ್ಡಿಗೆ ನುಗ್ಗಬೇಕು. ಲೆಕ್ಕ ಸರಿಯಾಗಿತ್ತು.

ಶುಕ್ರವಾರ ಹನ್ನೊಂದು ಗಂಟೆಗೆ ಹೊರಟೆವು. ನಾನು ಹೊಸ ಅಂಗಿ ಹಾಕಿ ಅತ್ತರು ಹಚ್ಚಿಕೊಂಡಿದ್ದೆ. ಸೇತುವೆಗೆ ಇನ್ನೇನು ಐವತ್ತು ಅಡಿ ಇರುವಾಗ ನೇತ್ರಾವತಿ ಕಾರನ್ನು ಎಡಕ್ಕೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದರು.

"ಯಾಕಮ್ಮಾ ನಿಲ್ಸಿದ್ರಿ?"

"ಮೇಷ್ಟ್ರೆ, ಮೊನ್ನೆ ನಂಗೆ ಮೈ ಸರಿ ಇರ್ಲಿಲ್ಲ. ಊರೊಳಗೆಲ್ಲ ನೀವೇ ಓಡಿಸಿದ್ರಿ. ಸೇತುವೆ ಹತ್ರ ಬಂದೇಟಿಗೆ ಇಳಿದು 'ಈಗ ನೀವು' ಅಂದ್ರಿ. ಯಾಕೆ?"

"ಕಣ್ಣಿಗೆ ಬಿಸ್ಲು ಹೊಡೀತಿತ್ತು."

"ಅವತ್ತು ಮೋಡ ಮುಚ್ಕೊಂಡಿತ್ತು ಮೇಷ್ಟ್ರೆ."

ನಾನು ಕನ್ನಡಕ ಒರೆಸಿಕೊಂಡೆ.

"ನಮ್ಮ ಎಸ್ಟೇಟಿನ ಲೈನ್ ಮನೆಗಳಲ್ಲಿ ಇನ್ನೂರು ಜನ ಆಳುಗಳವ್ರೆ" ಎಂದರು ನೇತ್ರಾವತಿ. "ಯಾರಿಗೆ ನಿಜವಾಗ್ಲೂ ಹೊಟ್ಟೆನೋವು, ಯಾರಿಗೆ ನೆಂಟ್ರ ಮನೇಲಿ ಬಾಡೂಟ ಅಂತ ಮುಖ ನೋಡಿದ್ರೆ ಹೇಳ್ಬುಡ್ತೀನಿ. ಇಪ್ಪತ್ತು ದಿನದಿಂದ ನಿಮ್ಮ ಮುಖಾನೂ ನೋಡ್ತಾ ಇದೀನಿ. ಹೇಳಿ."

ಏನು ಮಾಡಲಿ, ಹೇಳಿಬಿಟ್ಟೆ. ಮರದ ಲಾರಿ, ಹದಿನಾಲ್ಕು ಸರ್ವೀಸ್, ತೋಟಪ್ಪನ ಸ್ಟೋರ್, ಬೋಣಿ ಗಾಡಿ, ಎಲ್ಲ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಇಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದರು.

"ಇಳೀರಿ. ಇವತ್ತು ನಾನು ದಾಟಿಸ್ತೀನಿ ಸರಿ. ನಂಗೆ ಲೈಸೆನ್ಸ್ ಬಂದ್ಮೇಲೆ ಯಾರು ದಾಟಿಸ್ತಾರೆ? ಮಗಳ ಮನೆಗೆ ಹೋಗೋಕೆ ಪ್ರತಿ ಸಲಾನೂ ಹೊಸಬ್ರನ್ನ ಹುಡುಕ್ತೀರಾ? ನಾನು ನಿಮ್ಮ ಸೀಟಲ್ಲಿ ಕೂತು ಬ್ರೇಕ್ ಮೇಲೆ ಕಾಲಿಟ್ಕೊಂಡಿರ್ತೀನಿ. ನಡೀರಿ."

ಎಲ್ ಬೋರ್ಡಿನ ಕಾರಿನಲ್ಲಿ, ಮೇಷ್ಟ್ರ ಸೀಟಿನಲ್ಲಿ ನೇತ್ರಾವತಿ, ಕಲಿಯುವವರ ಸೀಟಿನಲ್ಲಿ ನಾನು. ಗೇರ್ ಹಾಕಿದೆ. ಸೇತುವೆಯ ಮೇಲೆ ಮುಂದಿನ ಚಕ್ರ ಹತ್ತಿದಾಗ ನನ್ನ ಬಾಯಲ್ಲಿ ಕಲ್ಮಾ ಕೂಡ ಅರ್ಧಕ್ಕೇ ನಿಂತಿತು.

"ಹೊಳೆ ಕಡೆ ಏನ್ ನೋಡ್ತೀರಿ, ಮೀನು ಹಿಡೀಬೇಕಾ? ಮುಂದಿನ ಗಾಡಿ ನಂಬರ್ ಓದಿ, ಜೋರಾಗಿ!"

ಇದು ನನ್ನದೇ ಮಾತು. ಮೂರನೇ ದಿನ ಎಲ್ಲರಿಗೂ ಹೇಳುವುದು. ಮುಂದೆ ಶುಂಠಿ ಮೂಟೆ ತುಂಬಿದ ಪಿಕಪ್ ಹೋಗುತ್ತಿತ್ತು, ಅದರ ನಂಬರ್ ಜೋರಾಗಿ ಓದಿದೆ. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆದ.

"ಹೊಡ್ಕೊಳ್ಲಿ ಬಿಡಿ, ಅವ್ರ ಬ್ಯಾಟ್ರಿ, ಅವ್ರ ಹಾರ್ನು. ಉಸಿರು ಬಿಡ್ರೀ!" ಇದೂ ನನ್ನದೇ.

ಸರಿಯಾಗಿ ನಡುಮಧ್ಯಕ್ಕೆ ಬಂದಾಗ ಪಿಕಪ್ ನಿಧಾನವಾಯಿತು. ನಾನು ಬ್ರೇಕ್ ಒತ್ತಿ ಕ್ಲಚ್ ಮರೆತೆ. ಎಂಜಿನ್ ಆಫ್ ಆಯಿತು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಮೊದಲ ಸಲ. ಪಕ್ಕದಲ್ಲಿ ಲಾರಿ ಹೋಯಿತು, ಸೇತುವೆ ಅಲುಗಿತು. ಇಳಿದು ಓಡಿಬಿಡೋಣ ಅನ್ನಿಸಿತು.

"ಕ್ಲಚ್ ಅಂದ್ರೆ ಏನು ಅಂತ ಗೊತ್ತೈತಾ? ಇಲ್ಲ ಅದ್ನೂ ನಿಮ್ಮ ಮಾವನ ಮನೆಯೋರು ಬಂದು ಒತ್ತಬೇಕಾ?"

ನನಗೆ ಪಿತ್ತ ನೆತ್ತಿಗೇರಿತು. ಈ ಮಾತನ್ನು ಅವರಿಗೆ ಎರಡನೇ ದಿನ ಹೇಳಿದ್ದವನು ನಾನೇ, ಕೇಳಿಸಿಕೊಂಡವರಿಗೆ ಇಷ್ಟು ಉರಿಯುತ್ತದೆ ಎಂದು ಆಗ ಗೊತ್ತಿರಲಿಲ್ಲ. "ನಂಗೆ ಕ್ಲಚ್ ಹೇಳ್ಕೊಡ್ತೀರೇನ್ರೀ? ನಂಗೆ?" ಎಂದು ಕಿರುಚುತ್ತಾ ಕೀ ತಿರುಗಿಸಿದೆ, ಫಸ್ಟ್ ಹಾಕಿದೆ, ಸೆಕೆಂಡ್ ಹಾಕಿದೆ. ಅವರೂ ಕಿರುಚಿದರು, ನಾನೂ ಕಿರುಚಿದೆ. ಜಗಳ ಮುಗಿಯುವ ಹೊತ್ತಿಗೆ ಕಾರು ಆ ಕಡೆಯ ದಡದಲ್ಲಿತ್ತು.

ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದೆ. ಹೆದರಿಕೆ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಮನಸ್ಸಿಗೆ ತುಂಬಾ ಖುಷಿಯಾಗಿತ್ತು. "ಪಾಸು" ಎಂದರು ನೇತ್ರಾವತಿ, ಟೀಗೆ ಬಿಸ್ಕತ್ತು ಅದ್ದುತ್ತಾ.

ಬಾಳ್ಳುಪೇಟೆಯಲ್ಲಿ ಶೆಡ್ಡಿನ ಮುಂದೆ ಇಪ್ಪತ್ತು ಜನ ಸೇರಿದ್ದರು. ನನ್ನ ಕಾರು ತಿರುವಿನಲ್ಲಿ ಕಂಡಾಗ ಆಕಿಫ್ ಕೈಲಿದ್ದ ಕುರ್ಚಿಯನ್ನು ಅಲ್ಲೇ ಬಿಟ್ಟು ಓಡಿಬಂದ. ಮಾತಿಲ್ಲದ ಹುಡುಗ ಅವತ್ತು "ಮಾಮು ಬಂದ್ರು, ಕಾರು ತಂದ್ರು" ಎಂದು ಎರಡೆರಡು ಸಲ ಕೂಗಿದ. ಶೈಸ್ತಾ ಬಾನೆಟ್ಟಿಗೆ ಮಲ್ಲಿಗೆ ಹಾರ ಹಾಕಿದಳು. ಜುಮ್ಮಾ ನಮಾಜ್ ಮುಗಿಸಿ ಬಂದು ದುವಾ ಮಾಡಿದ ಮೇಲೆ, ಕಾರನ್ನು ಸಿಮೆಂಟಿನ ಗುಂಡಿಯ ಮೇಲೆ ನಿಲ್ಲಿಸಿದೆವು. ಆಕಿಫ್ ಟಾರ್ಚ್ ಹಿಡಿದು ಕೆಳಗಿಳಿದ. ಜನ ಬಗ್ಗಿ ನೋಡುತ್ತಿದ್ದರು.

ಬಹಳ ಹೊತ್ತು ಅವನು ಮೇಲೆ ಬರಲಿಲ್ಲ. ಬಂದಾಗ ಮುಖ ಕೆಂಪಗಿತ್ತು.

"ಮಾಮು, ಇದ್ನ ಯಾರು ಸರ್ವೀಸ್ ಮಾಡಿದ್ದು? ಬ್ರೇಕ್ ಪ್ಯಾಡ್ ಸವೆದು ಹಪ್ಪಳ ಆಗೈತೆ. ಆಯಿಲ್ ಕರ್ರಗೆ ಗಟ್ಟಿಯಾಗಿ ಗಾಡಿ ಕೀಲೆಣ್ಣೆ ಆಗೈತೆ. ಹದಿನಾಲ್ಕು ಸಲ ಮಾಡ್ಸಿದೀರಿ, ಒಂದು ಸಲಾನೂ ಮುಟ್ಟಿಲ್ಲ ಆ ಪುಣ್ಯಾತ್ಮ. ಹೆಸ್ರು ಹೇಳಿ, ಈಗ್ಲೇ ಹೋಗಿ ಕೇಳ್ತೀನಿ."

ಯಾವುದಾದರೂ ಒಂದು ಹೆಸರು ಹೇಳಬಹುದಿತ್ತು. ಬಾಯಿಯ ತುದಿಗೆ ಬಂದೂ ಇತ್ತು. ಆದರೆ ಅವನು ನನ್ನ ಪರವಾಗಿ ಸಿಟ್ಟಾಗಿದ್ದ, ಎರಡು ವರ್ಷ ಅವಮಾನ ನುಂಗಿದವನು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಯಾರೂ ಮಾಡಿಲ್ಲಪ್ಪ. ಯಾರ ಕೈಗೂ ಕೊಟ್ಟಿಲ್ಲ. ಆಯಿಲ್ ಕಮ್ಮಿಯಾದ್ರೆ ನಾನೇ ಒಂದಿಷ್ಟು ಸುರೀತಿದ್ದೆ."

"ಯಾಕೆ ಮಾಮು?"

"ನಿನ್ನ ಕೈಗೆ ಕೊಡ್ಬೇಕು ಅಂದ್ರೆ ಹೊಳೆ ದಾಟ್ಬೇಕಿತ್ತು. ನಂಗೆ ಸೇತುವೆ ಮೇಲೆ ಓಡ್ಸೋಕೆ ಹೆದ್ರಿಕೆ. ನೀನಿರ್ಬೇಕಾದ್ರೆ ಬೇರೆಯವ್ರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ."

ಶೈಸ್ತಾ ಕಣ್ಣು ಒರೆಸಿಕೊಂಡು, ಆಮೇಲೆ ನಕ್ಕುಬಿಟ್ಟಳು. ಬೀಬಿಜಾನ್ "ಅಂತೂ ಹೇಳಿದ್ರಲ್ಲ" ಎಂದು ಬಿರಿಯಾನಿ ನೋಡಲು ಒಳಗೆ ಹೋದಳು. ಸೇತುವೆಯ ಮೇಲೆ ತಾವು ಕಾಲಿಟ್ಟುಕೊಂಡಿದ್ದು ಆ ಹಪ್ಪಳದಂಥ ಬ್ರೇಕಿನ ಮೇಲೆ ಎಂದು ತಿಳಿದು ನೇತ್ರಾವತಿ ಮಾತ್ರ ಕುರ್ಚಿ ಹುಡುಕಿ ಕೂತರು.

ಆಕಿಫ್ ಊಟಕ್ಕೆ ಬರಲಿಲ್ಲ. ಅಂಗಿ ಬಿಚ್ಚಿಟ್ಟು ಗುಂಡಿಗಿಳಿದವನು ಸಂಜೆ ಐದಕ್ಕೆ ಮೇಲೆ ಬಂದ. ಕಾರಿನ ಕೀ ಒರೆಸಿ ನನ್ನ ಕೈಗೆ ಕೊಟ್ಟು, ತಾನು ಎಡಗಡೆ ಸೀಟಿನಲ್ಲಿ ಕೂತ. "ಸಕಲೇಶಪುರದವರೆಗೆ ಬರ್ತೀನಿ, ಬಸ್ಸಲ್ಲಿ ವಾಪಸ್ಸು" ಎಂದ. ಹಿಂದಿನ ಸೀಟಿನಲ್ಲಿ ಬೀಬಿಜಾನ್, ನೇತ್ರಾವತಿ ಸೇರಿಕೊಂಡು ದಾರಿಯುದ್ದಕ್ಕೂ ನನ್ನ ಗುಣಗಾನ ಮಾಡಿದರು.

ಸೇತುವೆ ಬಂತು. ಅಂಗೈ ಬೆವರಿತು. ಆಕಿಫ್ ಬ್ರೇಕಿನ ಮೇಲೆ ಕಾಲಿಡಲಿಲ್ಲ, ಬೈಯಲೂ ಇಲ್ಲ. ತನ್ನ ಕಡೆಯ ಗಾಜು ಇಳಿಸಿ ತಲೆ ವಾಲಿಸಿ ಕೂತ. ನಡುವಿಗೆ ಬಂದಾಗ ಮೆಲ್ಲಗೆ ಕೇಳಿದ.

"ಮಾಮು, ಎಂಜಿನ್ ಸೌಂಡ್ ಕೇಳಿ. ಹೆಂಗೈತೆ?"

ಕಿವಿಗೊಟ್ಟೆ. ಎರಡು ವರ್ಷದಿಂದ ಇದ್ದ ಗೊರಗೊರ ಇರಲಿಲ್ಲ. ಕಾರು ಹೊಸದರಲ್ಲಿ ಹೀಗೇ ಓಡುತ್ತಿತ್ತು. ಗೇರ್ ಬದಲಾಯಿಸಿ ಮತ್ತೆ ಕೇಳಿದೆ.

"ಚೆನ್ನಾಗಿ ಮಾಡಿದ್ದೀಯಪ್ಪ. ಇಷ್ಟು ಚೆನ್ನಾಗಿ ಯಾರೂ ಮಾಡ್ತಿರ್ಲಿಲ್ಲ."

ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಕಣ್ಣಿಗೆ ಗಾಳಿ ಬಡಿಯಿತೋ ಏನೋ, ತೋಳಿನಿಂದ ಒರೆಸಿಕೊಂಡ. ನಾನು ಮುಂದೆ ನೋಡಿದಾಗ ಸೇತುವೆ ಹಿಂದೆ ಉಳಿದಿತ್ತು.

"ಐದು ಸಾವಿರ ಕಿಲೋಮೀಟರಿಗೆ ಮತ್ತೆ ತರ್ಬೇಕು ಮಾಮು" ಎಂದ ಆಕಿಫ್.

"ತರ್ತೀನಿ" ಎಂದೆ. "ನಾನೇ ಓಡಿಸ್ಕೊಂಡು ತರ್ತೀನಿ."