ಬೊಳ್ಳಿ ತೋರಿಸಿದ ಏಳು ಮನೆ

ಸೇವಂತಿಯ ಸಂಸಾರವೆಲ್ಲ ಎರಡು ಕೋಣೆಯೊಳಗೆ ಮುಗಿಯುತ್ತಿತ್ತು, ಅದರ ಬಗ್ಗೆ ಅವಳಿಗೆ ಒಂದಿಷ್ಟೂ ಬೇಸರವಿರಲಿಲ್ಲ. ಪುತ್ತೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಹಕೀಮ್ ಬ್ಯಾರಿಗಳ ಮಾಳಿಗೆ ಕಟ್ಟಡವಿತ್ತು. ಕೆಳಗೆ ಅಂಗಡಿ ಸಾಲು. ಮೇಲೆ ಉದ್ದಕ್ಕೂ ಮರದ ಜಗಲಿ, ಆ ಜಗಲಿಗೆ ಏಳು ಬಾಗಿಲು. ಒಂದೊಂದು ಬಾಗಿಲ ಹಿಂದೆ ಒಂದೊಂದು ಬಿಡಾರ. ಕೊನೆಯದರಲ್ಲಿ ಹಕೀಮ್ ಬ್ಯಾರಿಗಳು ಹೆಂಡತಿ ಝೈನಬಳೊಂದಿಗೆ ತಾವೇ ಇದ್ದರು, ಉಳಿದವು ಬಾಡಿಗೆಗೆ. ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಮೊದಲ ಬಾಗಿಲು ಸೇವಂತಿಯದು.

ಅವಳ ಗಂಡ ತೀರ್ಥರಾಮ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಅವನಿಗೆ ಬುತ್ತಿ ಕಟ್ಟಿ ಕಳಿಸಿದರೆ ಆಮೇಲಿನ ಹಗಲೆಲ್ಲ ಅವಳದೇ. ಕೆಳಗಿನ ಅಂಗಡಿಯ ಸೀತು ಟೈಲರ್ ಕತ್ತರಿಸಿ ಬಿಸಾಡುವ ಬಟ್ಟೆಯ ಚೂರುಗಳನ್ನು ಅವಳು ಬುಟ್ಟಿಯಲ್ಲಿ ತುಂಬಿ ತರುತ್ತಿದ್ದಳು. ಮಂಡಿ ಸಾಹುಕಾರರ ಜುಬ್ಬದ ಚೂರು, ಮದುಮಗಳ ರವಿಕೆಯ ಚೂರು, ಶಾಲೆ ಮಕ್ಕಳ ಚಡ್ಡಿಯ ಚೂರು ಎಲ್ಲ ಅದರಲ್ಲಿ ಸೇರಿರುತ್ತಿದ್ದವು. ಅವನ್ನು ಒಂದಕ್ಕೊಂದು ಜೋಡಿಸಿ ಹೊಲಿದು ಕಿಟಕಿಗೆ ಪರದೆ ಮಾಡಿದಳು, ಸ್ಟವ್ವಿನ ಮೇಲಿಂದ ಪಾತ್ರೆ ಇಳಿಸಲಿಕ್ಕೆ ಬಟ್ಟೆ ಮಾಡಿದಳು, ಈಗ ಒಂದು ಹೊದಿಕೆ ನಡೆಯುತ್ತಿತ್ತು. ಮಧ್ಯಾಹ್ನ ಕಿಟಕಿಯ ಹತ್ತಿರ ಕಾಲು ಚಾಚಿ ಕೂತು, ಬಸ್ಸುಗಳು ಹೋಗುವುದು ಬರುವುದನ್ನು ನೋಡುತ್ತ ಸೂಜಿ ಆಡಿಸುವುದೆಂದರೆ ಅವಳಿಗೆ ಪಾಯಸ ಉಂಡಷ್ಟು ಖುಷಿ. ಪಕ್ಕದಲ್ಲಿ ಬೊಳ್ಳಿ. ಮೈಯೆಲ್ಲ ಬಿಳುಪು, ಬಾಲದ ತುದಿ ಮಾತ್ರ ಮಸಿಯಲ್ಲಿ ಅದ್ದಿದ ಹಾಗೆ ಇದ್ದ ಈ ಬೆಕ್ಕು ಒಂದು ದಿನ ತಾನಾಗಿಯೇ ಮೆಟ್ಟಿಲು ಹತ್ತಿ ಬಂದು ಉಳಿದುಕೊಂಡಿತ್ತು. ಬೆಕ್ಕೆಂದರೆ ಬೆಕ್ಕು, ಅದಕ್ಕೆ ಯಾರ ಅಪ್ಪಣೆ ಬೇಕು!

ಹೀಗೆ ಸುಖವಾಗಿದ್ದವಳ ಮೇಲೆ ಮೇ ತಿಂಗಳ ಒಂದು ಬೆಳಗ್ಗೆ ಅತ್ತೆ ಬಂದಿಳಿದರು.

ಅರಂತೋಡಿನ ದುಗ್ಗಮ್ಮ ಬಸ್ಸಿನಿಂದ ಇಳಿಯುವಾಗಲೇ ಅವರ ಗಂಟಲು ಮಾಳಿಗೆಯವರೆಗೆ ಕೇಳಿಸಿತು. "ಎಲ್ಲಿಗೆ ದುಗ್ಗಮ್ಮಕ್ಕ?" ಎಂದು ಕಂಡಕ್ಟರ್ ಕೇಳಿದ್ದಕ್ಕೆ, "ಎಲ್ಲಿಗೆ ಅಂದ್ರೆ? ಮಗನ ಬಿಡಾರಕ್ಕೆ ಮಾರಾಯ. ಮನೆಯಿದ್ದೂ ಇಲ್ಲಿ ಬಿಡಾರ ಮಾಡಿ ಕೂತಿದ್ದಾನಲ್ಲ!" ಎಂದರು. ಹೆಗಲಲ್ಲಿ ಬಟ್ಟೆಗಂಟು, ಕೈಯಲ್ಲಿ ಉಪ್ಪಿನಕಾಯಿ ಭರಣಿ, ಕಂಕುಳಲ್ಲಿ ಒಣಗಿದ ಅಡಿಕೆ ಹಾಳೆಗಳ ಸುರುಳಿ. ಹಾಳೆಯಿಲ್ಲದೆ ಅವರು ಎಲ್ಲಿಗೂ ಹೊರಡುವವರಲ್ಲ. ಅದನ್ನು ಮಡಚಿ ಹೊಲಿದು ಏನಾದರೊಂದು ಮಾಡುತ್ತಿರಬೇಕು, ಕೈ ಸುಮ್ಮನಿದ್ದರೆ ಅವರಿಗೆ ತಲೆ ಸಿಡಿಯುತ್ತದೆ.

ಕಾಲು ತೊಳೆದು ಕಾಫಿ ಕುಡಿದವರು ಸುತ್ತು ಬಳಸಲಿಲ್ಲ.

"ನೋಡು ಸೇವಂತಿ, ನಾನು ಬಂದದ್ದು ನಿನ್ನನ್ನು ಕರಕೊಂಡು ಹೋಗ್ಲಿಕ್ಕೆ. ಅಷ್ಟು ದೊಡ್ಡ ಮನೆಯ ಸೊಸೆ ಹೀಗೆ ಏಣಿ ಹತ್ತಿ ಬಾಡಿಗೆ ಕೋಣೆಯಲ್ಲಿ ಕೂತರೆ ನೋಡಿದವರು ಎಂತ ಹೇಳಿಯಾರು? ಅವ ಹೋಟ್ಲಲ್ಲಿ ಉಣ್ಲಿ, ಶನಿವಾರ ಊರಿಗೆ ಬರ್ಲಿ. ನಾಳೆ ಬೆಳಗ್ಗಿನ ಬಸ್ಸಿಗೆ ನಾವಿಬ್ಬರೂ ಹೋಗುದು."

ಸೇವಂತಿ ಕಾಫಿ ಲೋಟ ಎತ್ತಿಕೊಂಡು ಸ್ಟವ್ವಿನ ಕಡೆ ತಿರುಗಿದಳು. ಅತ್ತೆ ಕೆಟ್ಟವರಲ್ಲ, ಅರಂತೋಡಿನ ಮನೆಯೂ ಕೆಟ್ಟದ್ದಲ್ಲ. ಆದರೆ ಅಲ್ಲಿ ಅವಳು ಹತ್ತು ಕೈಗಳ ನಡುವೆ ಇನ್ನೊಂದು ಕೈ. ಇಲ್ಲಿ ಉಪ್ಪಿನ ಭರಣಿ ಎಲ್ಲಿಡಬೇಕು ಎನ್ನುವುದರಿಂದ ಹಿಡಿದು ಎಲ್ಲವೂ ಅವಳು ಹೇಳಿದ ಹಾಗೆ. ಬರಲು ಮನಸ್ಸಿಲ್ಲವೆಂದು ಅತ್ತೆಗೆ ಹೇಳುವುದು ಹೇಗೆ? ತೀರ್ಥರಾಮನಾದರೂ ಹೇಳುತ್ತಾನೆಂದರೆ, ಮಂಡಿಯಲ್ಲಿ ಇಡೀ ದಿನ ಗಂಟಲು ಹರಿದುಕೊಂಡು ಅಡಿಕೆಯ ದರ ಕೂಗುವ ಮಹಾನುಭಾವ ತಾಯಿಯ ಎದುರು ಬಾಯಿಗೆ ಬೀಗ ಹಾಕಿಕೊಂಡುಬಿಡುತ್ತಾನೆ. ಅಂದು ರಾತ್ರಿ ಊಟಕ್ಕೆ ಕೂತು, "ಅವ್ವ, ನಾನು ಹೇಳುದು..." ಎಂದು ಶುರುಮಾಡಿದವನು ಮುಂದಿನ ಮಾತನ್ನು ಮಜ್ಜಿಗೆಯ ಜೊತೆ ನುಂಗಿದ.

ಅವಳನ್ನು ಕಾಪಾಡಿದ್ದು ಬೊಳ್ಳಿ. ಅತ್ತೆ ಬರುವ ಮೊದಲೇ ಅದು ಚೂರುಬಟ್ಟೆಯ ಬುಟ್ಟಿಯಲ್ಲಿ ಮೂರು ಮರಿ ಹಾಕಿತ್ತು. ಮರುದಿನ ಬೆಳಗ್ಗೆ ನೋಡಿದರೆ ಬುಟ್ಟಿ ಖಾಲಿ! ಸೇವಂತಿ ಗಾಬರಿಯಿಂದ ಹುಡುಕುತ್ತಿರುವಾಗ ಪಕ್ಕದ ಬಿಡಾರದ ಪರಮೇಶ್ವರಿ ಟೀಚರು ಬಾಗಿಲಲ್ಲಿ ನಿಂತು, "ನಮ್ಮ ಪುಸ್ತಕದ ಕಪಾಟಿಗೆ ನೆಂಟರು ಬಂದಿದ್ದಾರೆ" ಎಂದರು. ರಜೆಯಲ್ಲಿ ಒಬ್ಬರೇ ಇದ್ದ ಟೀಚರಿಗೆ ಖುಷಿಯೋ ಖುಷಿ.

ಗಂಟು ಕಟ್ಟಿ ಹೊರಟು ನಿಂತಿದ್ದ ದುಗ್ಗಮ್ಮ ಧಪ್ಪನೆ ಚಾಪೆಯ ಮೇಲೆ ಕೂತರು.

"ಬೆಕ್ಕು ಏಳು ಮನೆ ತೋರಿಸ್ಲಿಕ್ಕೆ ಶುರು ಮಾಡಿತಾ? ಹಾಗಾದ್ರೆ ಇವತ್ತು ಹೊರಡ್ಲಿಕ್ಕೆ ಆಗುದಿಲ್ಲ."

ಬೆಕ್ಕು ತನ್ನ ಮರಿಗಳನ್ನು ಕಚ್ಚಿಕೊಂಡು ಏಳು ಮನೆ ತೋರಿಸುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅರಂತೋಡಿನ ಮನೆಯಲ್ಲಿ ಅದರ ಜೊತೆಗೆ ಇನ್ನೊಂದು ಕಟ್ಟಳೆಯೂ ಇತ್ತು: ಬೆಕ್ಕು ಮರಿ ಸಾಗಿಸಲು ಶುರುಮಾಡಿದ ಮೇಲೆ, ಅದು ಹೆತ್ತ ಮನೆಯಿಂದ ಹೆಣ್ಣುಮಕ್ಕಳು ಆ ಏಳು ಮನೆ ಮುಗಿಯುವವರೆಗೆ ಊರು ಬಿಟ್ಟು ಹೊರಡಬಾರದು. ಹೊರಟರೆ ತಾಯಿಗೆ ಮನಸ್ಸು ಮುರಿದು ಮರಿಗಳನ್ನು ದಾರಿಯಲ್ಲೇ ಬಿಟ್ಟುಬಿಡುತ್ತದೆ. ದುಗ್ಗಮ್ಮನ ಅತ್ತೆಯ ಕಾಲದಿಂದ ನಡೆದುಬಂದದ್ದು, ಮೀರುವ ಮಾತೇ ಇಲ್ಲ.

ಅಷ್ಟು ಹೊತ್ತಿಗೆ ಕೊನೆಯ ಬಿಡಾರದಿಂದ ಝೈನಬ ಬಂದಳು. "ಎರಡು ಮನೆ ಆಯ್ತಲ್ಲ ದುಗ್ಗಮ್ಮಕ್ಕ. ಇನ್ನು ಐದೇ ಐದು."

"ಎಂತ ಎರಡು?" ದುಗ್ಗಮ್ಮ ಗದರಿದರು. "ಇದೆಲ್ಲ ಮನೆಯಾ? ಮನೆ ಅಂದ್ರೆ ಅಂಗಳ ಬೇಡ್ವಾ, ದನದ ಹಟ್ಟಿ ಬೇಡ್ವಾ? ಇದು ಬೆಂಕಿಪೊಟ್ಟಣ ಸಾಲಿಗೆ ಇಟ್ಟ ಹಾಗೆ ಉಂಟು. ಎಲ್ಲ ಸೇರಿ ಲೆಕ್ಕಕ್ಕೆ ಒಂದು!"

ಸೇವಂತಿಯ ತಲೆಯೊಳಗೆ ಫಕ್ಕನೆ ದೀಪ ಹತ್ತಿತು. ಎಲ್ಲ ಸೇರಿ ಒಂದಾದರೆ ಬೊಳ್ಳಿ ಇನ್ನೂ ಆರು ಕಟ್ಟಡ ಹತ್ತಿಳಿಯಬೇಕು. ಬಸ್ಸು ಲಾರಿ ಓಡಾಡುವ ಆ ರಸ್ತೆಯನ್ನು ಅದು ಮರಿ ಕಚ್ಚಿಕೊಂಡು ದಾಟುವುದುಂಟೇ? ದಾಟದಿದ್ದರೆ ಅತ್ತೆ ಹೊರಡುವಂತಿಲ್ಲ, ತಾನೂ ಹೊರಡುವಂತಿಲ್ಲ!

"ಹೌದತ್ತೆ," ಎಂದಳು ಆತುರದಿಂದ. "ಇದೆಲ್ಲ ಎಂತ ಮನೆ! ನೆಪಕ್ಕೆ ನಾಲ್ಕು ಗೋಡೆ."

ಹೇಳಿದ್ದೇನೋ ಹೇಳಿದಳು. ಹೇಳಿದ ಕೂಡಲೇ ತಾನೇ ಹೊಲಿದ ಪರದೆಯ ಕಡೆ ಕಣ್ಣು ಹೋಗಿ ಪಿಚ್ಚೆನಿಸಿತು. ಮನಸ್ಸಿನಲ್ಲೇ ಗೋಡೆಗಳ ಹತ್ತಿರ ಕ್ಷಮೆ ಕೇಳಿದಳು.

ಆಮೇಲೆ ಶುರುವಾಯಿತು ನೋಡಿ ತಮಾಷೆ. ಮರಿಗಳ ಮೇಲೆ ಕೆಳಗಿನ ಹೋಟೆಲಿನ ಗಡವ ಬೆಕ್ಕಿನ ಕಣ್ಣಿತ್ತು, ಹಾಗಾಗಿ ದುಗ್ಗಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ಹಾಳೆಯನ್ನು ನೆನೆಸಿ, ಮೂಲೆ ಮಡಚಿ, ನಾರಿನಲ್ಲಿ ಹೊಲಿದು ತೊಟ್ಟಿಲಿನಂಥ ಒಂದು ಪೆಟ್ಟಿಗೆ ಮಾಡಿದರು. ಅದನ್ನು ಹಿಡಿದುಕೊಂಡು ಟೀಚರ ಬಾಗಿಲಿಗೆ ಹೋದರು. ಪರರ ಮನೆಯ ಹೊಸ್ತಿಲು ದಾಟುವವರಲ್ಲ; ಹೊರಗೆ ನಿಂತೇ, "ಇದರಲ್ಲಿ ಮಲಗಿಸಿ" ಎಂದು ಕೈ ಚಾಚಿದರು. ಟೀಚರು ಮರಿಗಳನ್ನು ಎತ್ತಿದ ರೀತಿ ನೋಡಿ, "ಅಯ್ಯಯ್ಯೋ, ಹಾಗಲ್ಲ ಮಾರಾಯ್ತಿ!" ಎಂದು ಒಳಗೆ ನುಗ್ಗಿಯೇಬಿಟ್ಟರು. ನುಗ್ಗಿದವರು ಕಾಫಿ ಕುಡಿದು, ಟೀಚರ ತೌರಿನ ಕಥೆಯೆಲ್ಲ ಕೇಳಿ ಹೊರಗೆ ಬರುವಾಗ ಊಟದ ಹೊತ್ತು ಮೀರಿತ್ತು.

ಬೊಳ್ಳಿ ಮುಂದಕ್ಕೆ ಹೋದ ಹಾಗೆ ದುಗ್ಗಮ್ಮನೂ ಮುಂದಕ್ಕೆ ಹೋದರು. ಮರಿಗಳು ಬೀಡಿ ಕಟ್ಟುವ ರುಕಿಯಾಳ ಬಿಡಾರದಲ್ಲಿ, ಎಲೆ ಹರಡಿದ್ದ ಬಿದಿರಿನ ಗೆರಸೆಯಲ್ಲಿ ಮಲಗಿದಾಗ, ಕಾವಲಿಗೆಂದು ಕೂತವರು ಕತ್ತರಿ ಕೇಳಿ ತೆಗೆದುಕೊಂಡು ಎಲೆ ಕತ್ತರಿಸತೊಡಗಿದರು. "ನಿನ್ನ ಕೈಗಿಂತ ನನ್ನ ಕೈ ಚುರುಕುಂಟು" ಎಂದು ಅವಳನ್ನು ಕೆಣಕಿದರು. ಸಂಜೆ ಬಾವಿಯಿಂದ ನೀರು ತಂದಿಟ್ಟ ಮೇಲೆ ಹೆಂಗಸರೆಲ್ಲ ಜಗಲಿಯಲ್ಲಿ ಸೇರುತ್ತಿದ್ದರು. ಮಲ್ಲಿಗೆ ಕಟ್ಟುವವಳು ಒಬ್ಬಳು, ಅಕ್ಕಿಯ ಕಲ್ಲು ಹೆಕ್ಕುವವಳು ಇನ್ನೊಬ್ಬಳು, ನಡುವೆ ದುಗ್ಗಮ್ಮನ ಹಾಳೆ. ಅರಂತೋಡಿನಲ್ಲಿ ಪಕ್ಕದ ಮನೆಗೆ ಹೋಗಬೇಕಾದರೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಇಲ್ಲಿ ಕೂತಲ್ಲಿಂದಲೇ ಕೂಗಿದರೆ ಆರು ಉತ್ತರ.

ಒಂದು ಮಧ್ಯಾಹ್ನ ಅವರು ಸೇವಂತಿಯ ಹೊದಿಕೆಯ ಮೂಲೆ ಎತ್ತಿ ನೋಡಿದರು.

"ಊರವರ ಅಂಗಿಯನ್ನೆಲ್ಲ ಹೊದ್ದು ಮಲಗುದಾ ನೀವು?"

"ಚಂದ ಕಾಣುದಿಲ್ವಾ ಅತ್ತೆ?"

ದುಗ್ಗಮ್ಮ ಪಕ್ಕದಲ್ಲೇ ಕೂತು ಚೂರುಗಳ ಬುಟ್ಟಿ ಎಳೆದುಕೊಂಡರು. ಸೂಜಿ ಈಸಿಕೊಂಡು ಒಂದು ಕೆಂಪು ಚೂರಿನ ಪಕ್ಕಕ್ಕೆ ಹಳದಿಯದೊಂದನ್ನು ಇಟ್ಟು, ತಲೆಯಾಡಿಸಿ ತೆಗೆದು, ನೀಲಿಯದನ್ನು ಇಟ್ಟು ಹೊಲಿಯುತ್ತ ಕೂತರು. ದೀಪ ಹಚ್ಚುವ ಹೊತ್ತಿನವರೆಗೂ ಸೂಜಿ ವಾಪಸು ಕೊಡಲಿಲ್ಲ. ಸೇವಂತಿಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿತು, ಅದರ ಬೆನ್ನಿಗೇ ಹೆದರಿಕೆಯೂ. ಇಷ್ಟು ಅಕ್ಕರೆಯ ಅತ್ತೆ ಬಾ ಎಂದರೆ ಬರುವುದಿಲ್ಲ ಎನ್ನುವುದು ಇನ್ನೂ ಕಷ್ಟ.

ಅತ್ತ ಊರಿನಲ್ಲಿ ಹಲಸು ದುಗ್ಗಮ್ಮನಿಗಾಗಿ ಕಾದು ಕೂತಿರಲಿಲ್ಲ. ಹಪ್ಪಳಕ್ಕೆ ಬಲಿತ ಕಾಯಿಯೇ ಆಗಬೇಕು, ಹಣ್ಣಾದರೆ ಮುಗಿಯಿತು. ದೊಡ್ಡ ಮಗ ಅಚ್ಚುತ ಬಸ್ಸಿನವರ ಹತ್ತಿರ ಹೇಳಿ ಕಳಿಸಿದ. ಕಂಡಕ್ಟರ್ ರಸ್ತೆಯಲ್ಲಿ ನಿಂತು ಕತ್ತೆತ್ತಿ ಕೂಗಿದ: "ದುಗ್ಗಮ್ಮಕ್ಕಾ, ಹಲಸು ಪರಿಮಳ ಬರ್ಲಿಕ್ಕೆ ಶುರು ಆಯ್ತಂತೆ! ನೀವು ಬಾರದೆ ಹಿಟ್ಟಿನ ಹದ ಯಾರಿಗೂ ಗೊತ್ತಾಗುದಿಲ್ಲಂತೆ!"

"ಬೆಕ್ಕು ಬಿಡ್ಬೇಕಲ್ಲ ಮಾರಾಯಾ!" ದುಗ್ಗಮ್ಮ ಜಗಲಿಯಿಂದ ಕೂಗಿದರು. ಹಪ್ಪಳವಿಲ್ಲದ ಮಳೆಗಾಲವನ್ನು ಅವರು ಹುಟ್ಟಿದ ಮೇಲೆ ಕಂಡವರಲ್ಲ. ಅಂದು ಅವರಿಗೆ ಮಧ್ಯಾಹ್ನದ ನಿದ್ದೆ ಬರಲಿಲ್ಲ.

ಅದರ ಮಾರನೆಯ ದಿನ ಬೊಳ್ಳಿ ಮೂರು ಮರಿಗಳನ್ನೂ ಕಚ್ಚಿಕೊಂಡು ಹೋಗಿ ಝೈನಬಳ ಅಕ್ಕಿಪೆಟ್ಟಿಗೆಯ ಹಿಂದೆ ಇಟ್ಟಿತು. ನಡುವಿನ ಬಾಗಿಲು ಒಂದನ್ನೂ ಬಿಡದೆ ಬಂದಿತ್ತು, ಇದು ಜಗಲಿಯ ಕೊನೆಯದು. ಝೈನಬ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಈಗ ಹೇಳಿ ದುಗ್ಗಮ್ಮಕ್ಕ. ಏಳಾ, ಒಂದಾ?"

ದುಗ್ಗಮ್ಮ ಜಗಲಿಯ ಆ ತುದಿಯಿಂದ ಈ ತುದಿಯವರೆಗೆ ನಡೆದರು. ಪ್ರತಿ ಬಾಗಿಲ ಮುಂದೆ ಒಂದು ಗಳಿಗೆ ನಿಂತರು. ಸೇವಂತಿ ಅವರ ಹಿಂದೆಯೇ ನಡೆದಳು. ಒಂದು ಅನ್ನಲಿ ದೇವರೇ, ಒಂದು ಅನ್ನಲಿ.

"ಏಳು," ಎಂದರು ದುಗ್ಗಮ್ಮ.

"ಅತ್ತೆ! ಎಲ್ಲ ಸೇರಿ ಒಂದು ಅಂದಿದ್ರಲ್ಲ?"

"ಅಂದಿದ್ದೆ. ಒಳಗೆ ಹೋಗಿ ನೋಡದೆ ಅಂದದ್ದು ಅದು. ಟೀಚರ ಮನೆಯ ಸಾರಿನ ರುಚಿಯೇ ಬೇರೆ, ರುಕಿಯಾಳ ಮನೆಯ ಗಲಾಟೆಯೇ ಬೇರೆ. ಇದೆಲ್ಲ ಒಂದೇ ಹೇಗಾಗ್ತದೆ? ಏಳೂ ಮನೆಯೇ. ಬೆಕ್ಕಿನದ್ದು ಮುಗಿಯಿತು. ನಾಳೆ ಬೆಳಗ್ಗಿನ ಬಸ್ಸು."

ಸೇವಂತಿ ಒಳಗೆ ಹೋಗಿ ಟ್ರಂಕು ಎಳೆದಳು. ಸೀರೆಗಳನ್ನು ಮಡಚಿಡುವಾಗ ಕಣ್ಣೀರು ತಡೆಯಲಾಗಲಿಲ್ಲ. ಮುಗಿಯದ ಹೊದಿಕೆಯನ್ನು ತೆಗೆದುಕೊಂಡು ಹೋಗುವುದೋ ಬಿಡುವುದೋ ಗೊತ್ತಾಗದೆ ಮಡಿಲಲ್ಲಿಟ್ಟುಕೊಂಡು ಕೂತಳು. ಮಂಡಿಯಿಂದ ಬಂದ ತೀರ್ಥರಾಮ ಟ್ರಂಕು ನೋಡಿದ, ಹೆಂಡತಿಯ ಮುಖ ನೋಡಿದ. ತಾಯಿಯ ಹತ್ತಿರ ಹೋಗಿ, "ಅವ್ವ, ಅವಳು ಇಲ್ಲೇ..." ಎಂದ. "ಉಣ್ಣು, ಅನ್ನ ಆರ್ತದೆ" ಎಂದರು ಅವ್ವ. ಅವನು ಉಂಡ. ಇನ್ನೇನು ಮಾಡಿಯಾನು ಪಾಪ!

ಬೆಳಗ್ಗೆ ದುಗ್ಗಮ್ಮ ಗಂಟು ಹೆಗಲಿಗೇರಿಸಿ ಬಾಗಿಲಿಗೆ ಬಂದರೆ, ಸೇವಂತಿ ಟ್ರಂಕನ್ನು ಹೊಸ್ತಿಲಲ್ಲಿಟ್ಟು ಕೈಯಲ್ಲಿ ಬೀಗ ಹಿಡಿದು ನಿಂತಿದ್ದಳು. ಕಣ್ಣು ಕೆಂಪಗೆ ಊದಿತ್ತು.

"ಬೀಗ ಎಂತಕ್ಕೆ?"

"ಇವರು ಮಂಡಿಗೆ ಹೋದ್ರಲ್ಲ ಅತ್ತೆ. ನಾವೂ ಹೊರಟರೆ..."

"ನಾವು ಅಂದ್ರೆ ಯಾರು? ಹೊರಡುದು ನಾನು."

ದುಗ್ಗಮ್ಮ ಗಂಟನ್ನು ಕೆಳಗಿಟ್ಟರು.

"ಏಳು ಮನೆ ಅಂತ ಲೆಕ್ಕ ಹಾಕಿದ್ದು ನಾನೇ ಅಲ್ವಾ? ಅದರಲ್ಲಿ ಮೊದಲನೇದು ಯಾವುದು? ಇದು, ಬೆಕ್ಕು ಹೆತ್ತದ್ದು. ಇದು ಮನೆ ಅಲ್ಲ ಅಂದ್ರೆ ಆರೇ ಆಗ್ತದೆ, ನನಗೆ ಬಸ್ಸು ಹತ್ಲಿಕ್ಕೆ ಆಗುದಿಲ್ಲ, ಅಲ್ಲಿ ಹಲಸು ಕೊಳೀತದೆ. ಮನೆ ಹೌದು ಅಂದ್ರೆ ಮನೆಯವಳನ್ನು ಎಬ್ಬಿಸಿಕೊಂಡು ಹೋಗ್ಲಿಕ್ಕೆ ನಾನು ಯಾರು? ನಿನ್ನೆಯೇ ಯೋಚನೆ ಮಾಡಿದೆ. ನೀನೇ ಕೇಳ್ತಿ ಅಂತ ನೋಡಿದರೆ, ಟ್ರಂಕು ತುಂಬಿಸಿ ಅಳ್ತಾ ಕೂತಿ. ಬಾಯಿ ಇಲ್ವಾ ನಿನಗೆ? ನಿನ್ನ ಮನೆಯನ್ನು ನೀನೇ 'ನೆಪಕ್ಕೆ ನಾಲ್ಕು ಗೋಡೆ' ಅಂದವಳಲ್ವಾ ನೀನು!"

ಸೇವಂತಿ ಅಳುತ್ತಲೇ ನಕ್ಕಳು. ಬಗ್ಗಿ ಅತ್ತೆಯ ಕಾಲು ಮುಟ್ಟಿದಳು.

"ಸಾಕು ಸಾಕು, ಬಸ್ಸು ತಪ್ತದೆ. ಆ ಹೊದಿಕೆ ಮುಗಿಸಿಡು, ಚೌತಿಗೆ ಬಂದಾಗ ನನಗೆ ಹೊದೆಯಲಿಕ್ಕೆ. ನಾನು ಹೊಲಿದ ಬದಿ ಮೇಲೆ ಬರ್ಬೇಕು."

ಮೆಟ್ಟಿಲಿನವರೆಗೆ ಏಳೂ ಮನೆಯವರು ಬಂದರು. ಝೈನಬ ಒಂದು ಪೊಟ್ಟಣ ಖರ್ಜೂರ ಕೊಟ್ಟಳು. ಸೇವಂತಿ ಜಗಲಿಯ ಕಂಬ ಹಿಡಿದು ಕೆಳಗೆ ನೋಡುತ್ತ ನಿಂತಳು. ಅತ್ತೆ ರಸ್ತೆ ದಾಟಿ ಬಸ್ಸಿನ ಹತ್ತಿರ ಹೋದಾಗ ಅದೇ ಕಂಡಕ್ಟರ್ ಗಂಟಿಗೆ ಕೈ ಚಾಚಿದ.

"ಎಂತ ದುಗ್ಗಮ್ಮಕ್ಕ, ಕಡೆಗೂ ಬಿಡಾರ ಬಿಟ್ರಾ?"

ಅತ್ತೆಯ ಗಂಟಲು ಮಾಳಿಗೆಯವರೆಗೂ ಸ್ಪಷ್ಟವಾಗಿ ಕೇಳಿಸಿತು.

"ಬಿಡಾರ ಯಾವುದು ಮಾರಾಯ? ನಾನು ಸೊಸೆಯ ಮನೆಯಿಂದ ಬರುದು."

ಬಸ್ಸು ಹೋಯಿತು. ಸೇವಂತಿ ಟ್ರಂಕನ್ನು ಒಳಗೆ ಎಳೆದುಕೊಂಡು ಬಂದರೆ ಬೊಳ್ಳಿ ಮೊದಲನೆಯ ಮರಿಯನ್ನು ಆಗಲೇ ಚೂರುಬಟ್ಟೆಯ ಬುಟ್ಟಿಗೆ ತಂದು ಹಾಕಿ, ಎರಡನೆಯದಕ್ಕೆ ಹೊರಟಿತ್ತು. ಅವಳು ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಸ್ಟವ್ ಹಚ್ಚಿದಳು.